ಬಿಡುವುದನ್ನು ಬಲ್ಲ ಆಟಗಾರ



ಕಳೆದ ತಿಂಗಳು ಸೊಲ್ಲಾಪುರದ ಪೇಟೆಯಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರ ಬಟ್ಟೆಯ ಅಂಗಡಿಯಲ್ಲಿ ಕುಳಿತಿದ್ದೆವು. ಮಧ್ಯಾಹ್ನದ ಹೊತ್ತು, ಗಿರಾಕಿಗಳು ಇರಲಿಲ್ಲ. ಅಷ್ಟರಲ್ಲಿ ಅವರ ಮಗ ಶಾಲೆಯಿಂದ ಬಂದ. ಹತ್ತನೆಯ ತರಗತಿಯ ಹುಡುಗ. ಶಾಲೆಯ ಕ್ರಿಕೆಟ್ ತಂಡದಲ್ಲಿಯೂ ಇದ್ದಾನೆ, ಕಬಡ್ಡಿ ತಂಡದಲ್ಲಿಯೂ ಇದ್ದಾನೆ. ಎರಡಕ್ಕೂ ಮುಂದಿನ ಹಂತದ ಆಯ್ಕೆ ಒಂದೇ ವಾರದಲ್ಲಿ ಬಂದಿದೆಯಂತೆ.

"ನೀವರೆ ಹೇಳ್ರಿ ಅಣ್ಣಾವರ, ಎರಡು ದೋಣಿಯೊಳಗ ಕಾಲಿಟ್ಟು ನಿಂತಾನ. ಒಂದು ಬಿಡು ಅಂದ್ರ ಬಿಡವಲ್ಲ" ಎಂದರು ತಂದೆ.

ಹುಡುಗ ನಮ್ಮ ಕಡೆಗೆ ತಿರುಗಿ, "ಎರಡೂ ಬರ್ತಾವಲ್ರಿ ಕಾಕಾ ನನಗ. ಬರೂದನ್ನ ಯಾಕ ಬಿಡಬೇಕು?" ಎಂದು ಕೇಳಿದ.

ನಾವು ನಕ್ಕು ಚಹಾ ಕುಡಿದು ಎದ್ದು ಬಂದೆವು. ಆದರೆ ಪ್ರಶ್ನೆ ನಮ್ಮ ಬೆನ್ನು ಬಿಡಲಿಲ್ಲ. ಬಾರದ ಕೆಲಸವನ್ನು ಬಿಡುವುದಕ್ಕೆ ಯಾರ ಬುದ್ಧಿಮಾತೂ ಬೇಕಾಗಿಲ್ಲ. ಚೆನ್ನಾಗಿ ಬರುವ ಕೆಲಸವನ್ನು, ಜನ ಹೊಗಳುತ್ತಿರುವ ಕೆಲಸವನ್ನು, ಕೈತುಂಬ ಹಣ ತರುವ ಕೆಲಸವನ್ನು ಯಾವಾಗ ಬಿಡಬೇಕು, ಏಕೆ ಬಿಡಬೇಕು ಎಂಬುದು ಮಾತ್ರ ಮನೆಮನೆಯ ಸಮಸ್ಯೆ. ಇದಕ್ಕೆ ಉತ್ತರ ಹುಡುಕುವಾಗ ನಮಗೆ ನೆನಪಾದವನು ಅಮೆರಿಕದ ಒಬ್ಬ ಆಟಗಾರ. ಹೈಸ್ಕೂಲಿನಲ್ಲಿದ್ದಾಗಲೇ ಎರಡು ಆಟಗಳಲ್ಲಿ ಇಡೀ ದೇಶಕ್ಕೆ ಮೊದಲಿಗನೆನಿಸಿಕೊಂಡವನು. ಹೆಸರು ಜೋ ಮಾವರ್. ಈ ಸಲ ಅವನ ಕಥೆಯನ್ನೇ ಓದುಗರ ಮುಂದಿಡುತ್ತೇವೆ.

ಅಮೆರಿಕದ ಉತ್ತರ ತುದಿಯಲ್ಲಿ, ಕೆನಡಾ ದೇಶಕ್ಕೆ ತಾಗಿಕೊಂಡು ಮಿನೆಸೋಟ ಎಂಬ ರಾಜ್ಯವಿದೆ. ಚಳಿಗಾಲದಲ್ಲಿ ಕೆರೆಗಳೆಲ್ಲ ಹೆಪ್ಪುಗಟ್ಟುವ ಪ್ರದೇಶ. ಅಲ್ಲಿ ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ಸೇಂಟ್ ಪಾಲ್, ಮಿನಿಯಾಪೊಲಿಸ್ ಎಂಬ ಎರಡು ಊರುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿವೆ. ಜನ ಅವುಗಳನ್ನು ಜೋಡಿ ನಗರಗಳೆಂದೇ ಕರೆಯುತ್ತಾರೆ. ಆ ಊರಿನ ಬೇಸ್‌ಬಾಲ್ ತಂಡಕ್ಕೂ ಅದೇ ಕಾರಣದಿಂದ 'ಟ್ವಿನ್ಸ್', ಅಂದರೆ ಅವಳಿಗಳು, ಎಂಬ ಹೆಸರು ಬಂದಿದೆ. ಜೋ ಹುಟ್ಟಿದ್ದು 1983ರ ಏಪ್ರಿಲ್ 19ರಂದು, ಇದೇ ಸೇಂಟ್ ಪಾಲ್‌ನಲ್ಲಿ. ಮೂವರು ಅಣ್ಣತಮ್ಮಂದಿರಲ್ಲಿ ಇವನೇ ಕಿರಿಯ. ಜೇಕ್, ಬಿಲ್ಲಿ ಎಂಬ ಇಬ್ಬರು ಅಣ್ಣಂದಿರು. ಮನೆಯ ಎಲ್ಲರಿಗೂ ಆಟದ ಹುಚ್ಚು.

ತಂದೆ ದೊಡ್ಡ ಶ್ರೀಮಂತರಲ್ಲ, ಆದರೆ ಕೈಯಲ್ಲಿ ಕಸುಬು ಇದ್ದವರು. ಮಕ್ಕಳಿಗೆ ಚೆಂಡು ಹೊಡೆಯುವ ಅಭ್ಯಾಸವಾಗಲೆಂದು ಮನೆಯ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕೊಳವೆ ಬಳಸಿ ತಾವೇ ಒಂದು ಉಪಕರಣ ಮಾಡಿದರು. ಕೊಳವೆಯ ಮೇಲಿನ ಬಾಯಿಗೆ ಚೆಂಡು ಹಾಕಿದರೆ ಅದು ಜಾರಿ ಬಂದು ಕೆಳಗಿನ ಬಾಯಿಯಿಂದ ಹುಡುಗನ ಎದುರಿಗೆ ಹೊರಬೀಳುತ್ತದೆ. ಅದು ನೆಲ ಮುಟ್ಟುವುದರೊಳಗೆ ಬ್ಯಾಟು ಬೀಸಿ ಹೊಡೆಯಬೇಕು. ಕಣ್ಣು ಮಿಟುಕಿಸುವಷ್ಟೇ ಸಮಯ. ಹೊರಗೆ ಹಿಮ ಬಿದ್ದಿರುವಾಗ ಒಳಗೆ ಈ ಅಭ್ಯಾಸ ನಡೆಯುತ್ತಿತ್ತು. ಬ್ಯಾಟನ್ನು ಅಗಲವಾಗಿ ಬೀಸದೆ ಹತ್ತಿರದಿಂದ ಚುರುಕಾಗಿ ಹೊಡೆಯುವ ಜೋನ ಹೊಡೆತವನ್ನು ಮುಂದೆ ದೇಶವೆಲ್ಲ ಮೆಚ್ಚಿತು. ಅದರ ಬೇರು ಇದ್ದದ್ದು ಆ ಕೊಳವೆಯಲ್ಲಿ. ದುಬಾರಿ ತರಬೇತಿಯೇ ಬೇಕೆಂದು ಹಲುಬುವ ನಾವು ಇದನ್ನು ಗಮನಿಸಬೇಕು.

ಓದುಗರಲ್ಲಿ ಹಲವರಿಗೆ ಈ ಆಟಗಳ ಪರಿಚಯವಿರಲಿಕ್ಕಿಲ್ಲ. ಅಮೆರಿಕದ ಫುಟ್‌ಬಾಲ್ ನಮ್ಮಲ್ಲಿ ಆಡುವ ಕಾಲ್ಚೆಂಡಲ್ಲ. ಅಲ್ಲಿಯ ಚೆಂಡು ಎರಡೂ ತುದಿ ಚೂಪಾದ ಮೊಟ್ಟೆಯ ಆಕಾರದ್ದು. ಅದನ್ನು ಹೆಚ್ಚಾಗಿ ಕೈಯಲ್ಲಿಯೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಆದ್ದರಿಂದಲೇ ತಲೆಗೆ ಶಿರಸ್ತ್ರಾಣ, ಹೆಗಲಿಗೆ ಮೆತ್ತೆ. ಚೆಂಡು ಯಾರಿಗೆ ಹೋಗಬೇಕೆಂದು ಕ್ಷಣದಲ್ಲಿ ನಿರ್ಧರಿಸಿ ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಅವನೇ ತಂಡದ ಮೆದುಳು.

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ಸಂಬಂಧಿ. ಎಸೆಯುವವನೊಬ್ಬ, ದುಂಡನೆಯ ಬ್ಯಾಟಿನಿಂದ ಹೊಡೆಯುವವನೊಬ್ಬ. ಹೊಡೆದವನ ಬೆನ್ನ ಹಿಂದೆ, ನಮ್ಮ ವಿಕೆಟ್ ಕೀಪರನಂತೆ, ಒಬ್ಬ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾನೆ. ಅವನೇ ಕ್ಯಾಚರ್. ಯಾವ ಬಗೆಯ ಚೆಂಡು ಎಸೆಯಬೇಕೆಂದು ಬೆರಳಿನಿಂದ ಸನ್ನೆ ಮಾಡಿ ಸೂಚಿಸುವವನು, ಬಂದ ಚೆಂಡನ್ನು ಹಿಡಿಯುವವನು ಅವನು. ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಸಲ ಕುಳಿತು ಏಳಬೇಕು. ಬ್ಯಾಟಿಗೆ ಸವರಿ ದಿಕ್ಕು ತಪ್ಪಿದ ಚೆಂಡು ನೇರವಾಗಿ ಅವನ ಮುಖಕವಚಕ್ಕೇ ಬಡಿಯುತ್ತದೆ. ಮೊಣಕಾಲು, ಬೆನ್ನು, ತಲೆ ಮೂರನ್ನೂ ಸವೆಸುವ ಕೆಲಸ.

ಜೋ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್, ಬೇಸ್‌ಬಾಲಿನಲ್ಲಿ ಕ್ಯಾಚರ್. ಎರಡೂ ಹೊಣೆಯ ಜಾಗಗಳು. ಸೇಂಟ್ ಪಾಲ್‌ನ ಕ್ರೆಟಿನ್-ಡರಮ್ ಹಾಲ್ ಎಂಬ ಹೈಸ್ಕೂಲಿನಲ್ಲಿ ಅವನು ಓದಿದ. ನಡುವೆ ಬಿಡುವಿದ್ದಾಗ ಬಾಸ್ಕೆಟ್‌ಬಾಲ್ ಕೂಡ ಆಡುತ್ತಿದ್ದ. 2000ನೆಯ ಇಸವಿಯ ಫುಟ್‌ಬಾಲ್ ಋತುವಿನಲ್ಲಿ ಅವನ ಎಸೆತಗಳಿಂದ 3,022 ಗಜ ಮುನ್ನಡೆ, 41 ಟಚ್‌ಡೌನ್ ಬಂದವು. ಟಚ್‌ಡೌನ್ ಎಂದರೆ ಚೆಂಡನ್ನು ಎದುರಾಳಿಯ ಗಡಿ ದಾಟಿಸುವುದು. ಬೇಸ್‌ಬಾಲಿನಲ್ಲಿಯೋ, ಕೊನೆಯ ವರ್ಷ ಅವನ ಸರಾಸರಿ ಸಾವಿರಕ್ಕೆ 605. ಆ ಆಟದಲ್ಲಿ ಹತ್ತು ಸಲಕ್ಕೆ ಮೂರು ಸಲ ಯಶಸ್ವಿಯಾಗಿ ಹೊಡೆದವನನ್ನೇ ಉತ್ತಮನೆನ್ನುತ್ತಾರೆ. ಇವನು ಆರು ಸಲ ಹೊಡೆಯುತ್ತಿದ್ದ. ಮೂರು ಎಸೆತ ತಪ್ಪಿಸಿಕೊಂಡು ಔಟಾಗುವುದು ಆ ಆಟದಲ್ಲಿ ನಿತ್ಯದ ಸಂಗತಿ. ಇಡೀ ಹೈಸ್ಕೂಲ್ ಜೀವನದಲ್ಲಿ ಜೋ ಹಾಗೆ ಔಟಾದದ್ದು ಒಂದೇ ಒಂದು ಸಲ.

ಯು.ಎಸ್.ಎ. ಟುಡೇ ಎಂಬ ರಾಷ್ಟ್ರಮಟ್ಟದ ದೈನಿಕವು ಪ್ರತಿವರ್ಷ ಒಂದೊಂದು ಆಟಕ್ಕೆ ದೇಶದ ಅತ್ಯುತ್ತಮ ಹೈಸ್ಕೂಲ್ ಆಟಗಾರನನ್ನು ಆರಿಸುತ್ತಿತ್ತು. ಫುಟ್‌ಬಾಲಿಗೆ ಜೋನನ್ನು ಆರಿಸಿತು. ಕೆಲವೇ ತಿಂಗಳ ನಂತರ ಬೇಸ್‌ಬಾಲಿಗೂ ಅವನನ್ನೇ ಆರಿಸಿತು. ಎರಡು ಆಟಗಳಲ್ಲಿ ಈ ಗೌರವ ಪಡೆದವನು ಅವನೊಬ್ಬನೇ.

ಹದಿನೆಂಟರ ಹುಡುಗನ ಎದುರಿಗೆ ಈಗ ಎರಡು ಬಾಗಿಲು ತೆರೆದುಕೊಂಡವು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಫುಟ್‌ಬಾಲಿನಲ್ಲಿ ದೇಶದಲ್ಲೇ ಬಲಿಷ್ಠವಾಗಿತ್ತು. ಅಲ್ಲಿಯ ಹೆಸರಾಂತ ತರಬೇತುದಾರ ಬಾಬಿ ಬೌಡನ್ ಇವನನ್ನು ಕರೆದರು. ಅಲ್ಲಿಗೆ ಬರುವೆನೆಂದು ಜೋ ಸಹಿಯನ್ನೂ ಹಾಕಿದ. ಇನ್ನೊಂದು ಕಡೆ ಬೇಸ್‌ಬಾಲ್ ವೃತ್ತಿಪರ ತಂಡಗಳು. ಎರಡನ್ನೂ ಕಟ್ಟಿಕೊಂಡು ನಡೆಯಲು ಬರುವಂತಿರಲಿಲ್ಲ. ಕ್ಯಾಚರನ ವಿದ್ಯೆ ವರ್ಷಗಟ್ಟಲೆ ದಿನವೂ ಕುಳಿತು ಕಲಿಯಬೇಕಾದದ್ದು. ಕ್ವಾರ್ಟರ್‌ಬ್ಯಾಕಿನ ವಿದ್ಯೆಯೂ ಹಾಗೆಯೇ.

ಇಲ್ಲಿ ಒಂದು ಸ್ವಾರಸ್ಯವಿದೆ. ಇದೇ ಶಾಲೆಯಲ್ಲಿ ಹತ್ತು ವರ್ಷ ಮೊದಲು ಓದಿದ ಕ್ರಿಸ್ ವೈಂಕಿ ಎಂಬವನೂ ಇವೇ ಎರಡು ಆಟಗಳಲ್ಲಿ ಗಟ್ಟಿಗನಾಗಿದ್ದ. 1990ರಲ್ಲಿ ಅವನು ಬೇಸ್‌ಬಾಲನ್ನು ಆರಿಸಿಕೊಂಡ. ಆರು ವರ್ಷ ಕೆಳಹಂತದ ತಂಡಗಳಲ್ಲಿ ಆಡಿದ, ಮೇಲಿನ ಹಂತಕ್ಕೆ ಏರಲಾಗಲಿಲ್ಲ. ಕೊನೆಗೆ ಅದನ್ನು ಬಿಟ್ಟು, ಇಪ್ಪತ್ತೈದರ ಆಸುಪಾಸಿನಲ್ಲಿ, ತನಗಿಂತ ಏಳೆಂಟು ವರ್ಷ ಚಿಕ್ಕ ಹುಡುಗರ ಜೊತೆಗೆ ಫ್ಲಾರಿಡಾ ಸ್ಟೇಟ್‌ನಲ್ಲಿ ಫುಟ್‌ಬಾಲ್ ಆಡತೊಡಗಿದ. ಕತ್ತಿನ ಪೆಟ್ಟನ್ನೂ ಸಹಿಸಿದ. 2000ನೆಯ ಇಸವಿಯಲ್ಲಿ, 28ನೆಯ ವಯಸ್ಸಿನಲ್ಲಿ, ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್ಮನ್ ಪ್ರಶಸ್ತಿ ಪಡೆದ. ಅಷ್ಟು ದೊಡ್ಡ ವಯಸ್ಸಿನವರು ಯಾರೂ ಅದನ್ನು ಪಡೆದಿರಲಿಲ್ಲ. ಅದೇ ಶಾಲೆ, ಅವೇ ಎರಡು ಆಟಗಳು, ಅದೇ ವಿಶ್ವವಿದ್ಯಾಲಯ. ಜೋನ ಮನೆಯವರ ಕಣ್ಣೆದುರಿಗೇ ಈ ಉದಾಹರಣೆ ಇತ್ತು. ಬೇಸ್‌ಬಾಲ್ ಹಿಡಿದರೆ ಏಳ್ಗೆ ಖಂಡಿತವೆಂದು ಯಾರೂ ಬರೆದುಕೊಡುವಂತಿರಲಿಲ್ಲ.

ಅಲ್ಲಿ ತಂಡಗಳು ಹೊಸ ಆಟಗಾರರನ್ನು ಸರದಿಯ ಮೇಲೆ ಆರಿಸುತ್ತವೆ. ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಆಗ ಮೊದಲು ಆರಿಸುವ ಅವಕಾಶವಿತ್ತು. 2001ರಲ್ಲಿ ಆ ಸರದಿ ಊರಿನ ಟ್ವಿನ್ಸ್ ತಂಡಕ್ಕೇ ಬಂತು. ಆ ವರ್ಷ ಮಾರ್ಕ್ ಪ್ರಯರ್ ಎಂಬ ಕಾಲೇಜಿನ ಎಸೆಗಾರ ಎಲ್ಲರ ಬಾಯಲ್ಲಿದ್ದ. ಅವನನ್ನೇ ಕೊಳ್ಳಬೇಕಿತ್ತು, ಬಡ ತಂಡ ಕೈ ಬಿಗಿಹಿಡಿದು ಊರ ಹುಡುಗನನ್ನು ಅಗ್ಗಕ್ಕೆ ತಂದಿತು ಎಂದು ಹಲವರು ಟೀಕಿಸಿದರು. ಜೋನಿಗೆ ಸಿಕ್ಕದ್ದು 51 ಲಕ್ಷ 50 ಸಾವಿರ ಡಾಲರ್. ಪ್ರಯರನಿಗೆ ಚಿಕಾಗೋದ ಕಬ್ಸ್ ತಂಡ ಕೊಟ್ಟದ್ದು 1 ಕೋಟಿ 5 ಲಕ್ಷ ಡಾಲರಿನ ಕರಾರು, ಇದರ ಎರಡು ಪಟ್ಟು.

ಜೋ ಫುಟ್‌ಬಾಲನ್ನು ಬಿಟ್ಟ. ದೇಶಕ್ಕೇ ಮೊದಲಿಗನೆನಿಸಿದ ಆಟವನ್ನು ಹದಿನೆಂಟನೆಯ ವಯಸ್ಸಿನಲ್ಲಿ ಪೂರ್ತಿ ಕೆಳಗಿಟ್ಟ. ಎರಡು ವರ್ಷ ನೋಡೋಣ, ಆಮೇಲೆ ಮರಳೋಣ ಎಂದು ಬಾಗಿಲನ್ನು ಅರೆತೆರೆದು ಇಟ್ಟುಕೊಳ್ಳಲಿಲ್ಲ. ಇದು ಅವನ ಮೊದಲ ಬಿಡುಗೆ.

ಇನ್ನೊಂದು ಸಂಗತಿಯನ್ನು ವ್ಯಾಪಾರಸ್ಥ ಓದುಗರು ಗಮನಿಸಬೇಕು. ಅವನು ಸೇರಿದ ವರ್ಷವೇ, 2001ರ ನವೆಂಬರಿನಲ್ಲಿ, ಬೇಸ್‌ಬಾಲ್ ತಂಡಗಳ ಒಡೆಯರೆಲ್ಲ ಸೇರಿ ಎರಡು ತಂಡಗಳನ್ನು ಮುಚ್ಚಿಬಿಡಬೇಕೆಂದು ಮತ ಹಾಕಿದರು. ಮುಚ್ಚುವ ಪಟ್ಟಿಯಲ್ಲಿ ಟ್ವಿನ್ಸ್ ಇದೆಯೆಂಬುದು ಎಲ್ಲರಿಗೂ ತಿಳಿದಿತ್ತು. ಮೈದಾನದ ಕರಾರಿನಂತೆ 2002ರಲ್ಲಿ ತಂಡ ಆಡಲೇಬೇಕೆಂದು ನ್ಯಾಯಾಲಯ ಆಜ್ಞೆ ಮಾಡಿದ್ದರಿಂದ ತಂಡ ಉಳಿಯಿತು. ಅಂದರೆ ಬೀಗ ಬೀಳಲಿದ್ದ ಅಂಗಡಿಗೆ ಈ ಹುಡುಗ ಕೆಲಸಕ್ಕೆ ಸೇರಿದ್ದ.

ಮೂರು ವರ್ಷ ಕೆಳಹಂತದ ತಂಡಗಳಲ್ಲಿ ದುಡಿದು, 2004ರ ಏಪ್ರಿಲ್ 5ರಂದು ಅವನು ಮುಖ್ಯ ತಂಡದಲ್ಲಿ ಮೊದಲ ಪಂದ್ಯ ಆಡಿದ. ಮರುಪಂದ್ಯದಲ್ಲಿಯೇ, ಮೇಲೆ ಹಾರಿದ ಚೆಂಡನ್ನು ಹಿಡಿಯಲು ಜಾರಿದಾಗ ಎಡ ಮೊಣಕಾಲಿನ ಒಳಗಿನ ಮೃದ್ವಸ್ಥಿ ಹರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷ ಆಡಿದ್ದು ಒಟ್ಟು 35 ಪಂದ್ಯ. ದೊಡ್ಡ ಜೀವನದ ಎರಡನೆಯ ದಿನವೇ ಇಂಥ ಪೆಟ್ಟು!

ಆದರೆ ಎದ್ದು ನಿಂತ. 2006ರಲ್ಲಿ ಸಾವಿರಕ್ಕೆ 347ರ ಸರಾಸರಿಯಲ್ಲಿ ಹೊಡೆದು ಅಮೆರಿಕನ್ ಲೀಗಿನ ಬ್ಯಾಟಿಂಗ್ ಪಟ್ಟ ಗೆದ್ದ. ಎರಡನೆಯವನಾದ ನ್ಯೂಯಾರ್ಕಿನ ಪ್ರಖ್ಯಾತ ಡೆರೆಕ್ ಜೀಟರನ ಸರಾಸರಿ 343. ಅಮೆರಿಕನ್ ಲೀಗ್ ನೂರು ವರ್ಷ ದಾಟಿದ ಸಂಸ್ಥೆ. ಅಲ್ಲಿಯವರೆಗೆ ಯಾವ ಕ್ಯಾಚರನೂ ಆ ಪಟ್ಟ ಗೆದ್ದಿರಲಿಲ್ಲ. ದಿನವಿಡೀ ಕುಳಿತು ಎದ್ದು ಸೋತ ಕಾಲುಗಳಿಂದ ಉಳಿದವರಿಗಿಂತ ಚೆನ್ನಾಗಿ ಹೊಡೆಯುವುದು ಅಷ್ಟು ಕಠಿಣ. ಜೋ 2008ರಲ್ಲಿ 328ರೊಂದಿಗೆ, 2009ರಲ್ಲಿ 365ರೊಂದಿಗೆ ಮತ್ತೆರಡು ಸಲ ಗೆದ್ದ. 2009ರ ಏಪ್ರಿಲ್ ತಿಂಗಳೆಲ್ಲ ಬೆನ್ನುನೋವಿನಿಂದ ಹೊರಗಿದ್ದು ಮೇ 1ರಂದು ಮರಳಿದವನು ಅವನು. ಆ ವರ್ಷದ ಅತ್ಯಮೂಲ್ಯ ಆಟಗಾರನನ್ನು ಆರಿಸುವ 28 ಜನರಲ್ಲಿ 27 ಜನ ಅವನ ಹೆಸರನ್ನೇ ಮೊದಲು ಬರೆದರು.

2010ರ ಮಾರ್ಚಿನಲ್ಲಿ ಟ್ವಿನ್ಸ್ ತಂಡ ಅವನೊಂದಿಗೆ ಎಂಟು ವರ್ಷದ ಹೊಸ ಕರಾರು ಮಾಡಿಕೊಂಡಿತು. ಮೊತ್ತ 18 ಕೋಟಿ 40 ಲಕ್ಷ ಡಾಲರ್. ಇನ್ನೊಂದು ವರ್ಷ ತಾಳಿದ್ದರೆ ಮುಕ್ತ ಪೇಟೆಗೆ ನಿಂತು ನ್ಯೂಯಾರ್ಕ್, ಬಾಸ್ಟನ್‌ನಂಥ ಶ್ರೀಮಂತ ತಂಡಗಳಿಂದ ಬೆಲೆ ಕೂಗಿಸಬಹುದಿತ್ತು. ಆದರೆ ಹುಟ್ಟಿದ ಊರಿನ ತಂಡದಲ್ಲಿಯೇ ಉಳಿದ. ಮುಚ್ಚಬೇಕೆಂದಿದ್ದ ಅಂಗಡಿ ಅದೇ ವರ್ಷ ಮಿನಿಯಾಪೊಲಿಸ್‌ನಲ್ಲಿ ಹೊಸ ಮೈದಾನಕ್ಕೆ ಕಾಲಿಟ್ಟಿತು.

ಕಥೆ ಇಲ್ಲಿಗೇ ನಿಂತಿದ್ದರೆ ಅದೊಂದು ಶುಭಮಂಗಳದ ಕಥೆಯಾಗುತ್ತಿತ್ತು. ಆದರೆ ಜೀವನದ ಕಿರ್ದಿಯಲ್ಲಿ ಜಮೆಯೊಂದೇ ಇರುವುದಿಲ್ಲ.

ಹೊಸ ಕರಾರು ಆರಂಭವಾದ 2011ರಲ್ಲಿಯೇ ಅವನ ಎರಡೂ ಕಾಲುಗಳು ಬಲಗುಂದಿದವು. ಆಡಿದ್ದು 82 ಪಂದ್ಯ, ಸರಾಸರಿ 287. ತಂಡವೂ ಸೋಲತೊಡಗಿತು. ಸ್ವಂತ ಊರಿನ ಜನರೇ ಮೈದಾನದಲ್ಲಿ ಕೂಗಿ ಮೂದಲಿಸಿದರು. ಅಷ್ಟು ಹಣ ಪಡೆದವನು ಕುಂಟುನೆಪ ಹೇಳುತ್ತಾನೆ ಎಂಬ ಮಾತು ಹಬ್ಬಿತು. ಪರಊರಿನಲ್ಲಿ ಬೈಸಿಕೊಂಡರೆ ರಾತ್ರಿ ಮನೆಗೆ ಬಂದು ಮರೆಯಬಹುದು. ಹುಟ್ಟಿದ ಊರಿನಲ್ಲಿ ಬೈಸಿಕೊಂಡವನು ಎಲ್ಲಿಗೆ ಹೋಗಬೇಕು? ಊರಿನಲ್ಲಿಯೇ ವ್ಯಾಪಾರ ಮಾಡಿ, ಊರವರ ನಾಲಿಗೆಗೆ ಸಿಕ್ಕ ಮನೆತನಗಳಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ. ಜೋ ಜಗಳಕ್ಕೆ ನಿಲ್ಲಲಿಲ್ಲ. ಮರುವರ್ಷ 147 ಪಂದ್ಯ ಆಡಿ 319ರ ಸರಾಸರಿ ಗಳಿಸಿದ.

2013ರ ಜುಲೈಯಲ್ಲಿ ಅವನಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ತಿಂಗಳು ಕಳೆಯುವುದರೊಳಗೆ, ಆಗಸ್ಟ್ 19ರಂದು, ನ್ಯೂಯಾರ್ಕ್ ಮೆಟ್ಸ್ ವಿರುದ್ಧದ ಪಂದ್ಯದಲ್ಲಿ ಬ್ಯಾಟಿಗೆ ಸವರಿದ ಚೆಂಡು ಅವನ ಮುಖಕವಚಕ್ಕೆ ಬಡಿಯಿತು. ರಕ್ತ ಬರಲಿಲ್ಲ, ಮೂಳೆ ಮುರಿಯಲಿಲ್ಲ. ಆದರೆ ತಲೆಬುರುಡೆಯ ಒಳಗೆ ಮೆದುಳು ಅಲುಗಿತ್ತು. ವೈದ್ಯರು ಇದನ್ನು ಕನ್ಕಶನ್ ಎನ್ನುತ್ತಾರೆ. ತಲೆನೋವು, ತಲೆಸುತ್ತು, ಬೆಳಕು ಸದ್ದು ಸಹಿಸಲಾಗದಿರುವುದು ಇದರ ಲಕ್ಷಣಗಳು. ಆ ವರ್ಷ ಅವನು ಮತ್ತೆ ಆಡಲಿಲ್ಲ.

ಫುಟ್‌ಬಾಲಿನಲ್ಲಿ ತಲೆಗೆ ಪೆಟ್ಟು ಹೆಚ್ಚು ಎಂದು ಎಲ್ಲರೂ ಬಲ್ಲರು. 2005ರಲ್ಲಿ ಡಾ. ಬೆನೆಟ್ ಒಮಾಲು ಎಂಬ ವೈದ್ಯರು, ತೀರಿಕೊಂಡ ಒಬ್ಬ ಫುಟ್‌ಬಾಲ್ ಆಟಗಾರನ ಮೆದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಮೆದುಳು ಕಾಲಾಂತರದಲ್ಲಿ ಹೇಗೆ ಕೆಡುತ್ತದೆಂದು ಪ್ರಕಟಿಸಿದ ಮೇಲೆ ಆ ದೇಶದ ತಾಯಿತಂದೆಗಳು ಎಚ್ಚೆತ್ತರು. ಜೋ ಆ ಆಟವನ್ನು ಎಂದೋ ಬಿಟ್ಟಿದ್ದ. ಆದರೂ ತಲೆಯ ಪೆಟ್ಟು ಇನ್ನೊಂದು ದಾರಿಯಿಂದ ಬಂದು ಮುಟ್ಟಿತು. ಹಿಡಿದ ದಾರಿಯಲ್ಲಿ ಕಲ್ಲುಮುಳ್ಳು ಇರುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು.

ಆ ವರ್ಷದ ನವೆಂಬರಿನಲ್ಲಿ ಅವನು ತನ್ನ ಎರಡನೆಯ ನಿರ್ಧಾರ ತಿಳಿಸಿದ. ಇನ್ನು ಕ್ಯಾಚರನಾಗಿ ಕೂಡುವುದಿಲ್ಲ, ಫಸ್ಟ್ ಬೇಸ್ ಎಂಬ ಕಾವಲಿನ ಜಾಗದಲ್ಲಿ ನಿಂತು ಆಡುತ್ತೇನೆ ಎಂದು. ಹೊರಗಿನವರಿಗೆ ಇದು ಜಾಗ ಬದಲಿಸಿದಷ್ಟೇ ಎನಿಸಬಹುದು. ಅವನಿಗೆ ಅದು ಹೆಸರನ್ನೇ ಬಿಟ್ಟಂತೆ. ಮೂರು ಬ್ಯಾಟಿಂಗ್ ಪಟ್ಟ ಗೆದ್ದ ಕ್ಯಾಚರ್ ಅಮೆರಿಕನ್ ಲೀಗಿನಲ್ಲಿ ಅವನೊಬ್ಬನೇ. ಫಸ್ಟ್ ಬೇಸಿನಲ್ಲಿಯೋ, ದೂರದೂರಕ್ಕೆ ಚೆಂಡು ಹೊಡೆಯುವ ಭಾರಿ ಆಳುಗಳೇ ಎಲ್ಲ ತಂಡದಲ್ಲೂ ಇದ್ದರು. ಅವರ ನಡುವೆ ಇವನು ಸಾಧಾರಣನಾದ. ಸರಾಸರಿ 2014ರಲ್ಲಿ 277ಕ್ಕೆ, ಮರುವರ್ಷ 265ಕ್ಕೆ, 2016ರಲ್ಲಿ 261ಕ್ಕೆ ಇಳಿಯಿತು. ಚಿನ್ನದ ಬೆಲೆ ಕೊಟ್ಟು ಬೆಳ್ಳಿ ತಂದಂತಾಯಿತೆಂದು ಜನ ಲೆಕ್ಕ ಹಾಕಿದರು. ಲೆಕ್ಕ ಸುಳ್ಳಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿತ್ತು. ಮನೆಯಲ್ಲಿ ಎರಡು ಕೂಸುಗಳಿದ್ದವು. ಅವು ದೊಡ್ಡವಾದಾಗ ಅವುಗಳ ತಂದೆಯ ತಲೆ ನೆಟ್ಟಗಿರಬೇಕಿತ್ತು.

2017ರಲ್ಲಿ ಮತ್ತೆ 305ರ ಸರಾಸರಿ ಬಂತು. ಅವನ ಕಾಲದಲ್ಲಿ ತಂಡಕ್ಕೆ ದೊಡ್ಡ ಕಪ್ಪು ಸಿಗಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಋತುವಿನ ಕೊನೆಯ ನಿರ್ಣಾಯಕ ಪಂದ್ಯಗಳಿಗೆ ತಂಡ ಹೋದಾಗ ಜೋ ಆಡಿದ ಪಂದ್ಯಗಳಲ್ಲಿ ಒಂದನ್ನೂ ಅದು ಗೆಲ್ಲಲಿಲ್ಲ.

2018ರ ಮೇ ತಿಂಗಳಲ್ಲಿ ಚೆಂಡಿಗಾಗಿ ಬಿದ್ದು ಮತ್ತೊಮ್ಮೆ ತಲೆಗೆ ಪೆಟ್ಟಾಯಿತು. ಲಕ್ಷಣಗಳು ಮರಳಿದವು. ಆ ವರ್ಷದ ಕೊನೆಯ ಪಂದ್ಯ ಸೆಪ್ಟೆಂಬರ್ 30ರಂದು ಮಿನಿಯಾಪೊಲಿಸ್‌ನಲ್ಲಿ. ಇದೇ ಅವನ ಕೊನೆಯ ಆಟವಿರಬಹುದೆಂದು ಜನ ಊಹಿಸಿದ್ದರು. ಆರಂಭದಲ್ಲಿ ಪುಟ್ಟ ಅವಳಿ ಮಕ್ಕಳು ಮೈದಾನದೊಳಗೆ ಓಡಿ ಬಂದು ತಂದೆಯನ್ನು ತಬ್ಬಿಕೊಂಡರು. ಕೊನೆಯ ಸರದಿಯಲ್ಲಿ ಅವನು ಎರಡು ಬೇಸ್ ಓಡುವಂಥ ಹೊಡೆತ ಹೊಡೆದ. ಒಂಬತ್ತನೆಯ ಇನಿಂಗ್ಸಿನಲ್ಲಿ ಅವನು ಕಟ್ಟೆಯಿಂದ ಹೊರಬಂದಾಗ ಜನ ಬೆರಗಾದರು. ಐದು ವರ್ಷದಿಂದ ಮುಟ್ಟದಿದ್ದ ಕ್ಯಾಚರನ ಕವಚ ಅವನ ಮೈಮೇಲಿತ್ತು. ಹಳೆಯ ಜಾಗದಲ್ಲಿ ಹೋಗಿ ಕುಳಿತ. ಒಂದೇ ಒಂದು ಎಸೆತ ಹಿಡಿದ. ಎದ್ದು, ಮುಖಕವಚ ತೆಗೆದು, ಜನರಿಗೆ ಕೈಯೆತ್ತಿ, ಕಣ್ಣೊರೆಸಿಕೊಂಡು ಹೊರಗೆ ನಡೆದ. ಎದುರು ತಂಡದವರೂ ಚಪ್ಪಾಳೆ ತಟ್ಟಿದರು. ಹಿಂದೊಮ್ಮೆ ಮೂದಲಿಸಿದ ಊರೇ ಅಂದು ಎದ್ದು ನಿಂತಿತ್ತು.

ಆಗ ಅವನಿಗೆ 35 ವರ್ಷ. ಇನ್ನೂ ಒಂದೆರಡು ವರ್ಷ ಆಡುವ ಶಕ್ತಿ ಇತ್ತು. ಆದರೆ ನವೆಂಬರಿನಲ್ಲಿ ಅಭಿಮಾನಿಗಳಿಗೆ ಕಾಗದ ಬರೆದು ನಿವೃತ್ತನಾದ. ಮನೆಯಲ್ಲಿ ಮತ್ತೊಂದು ಮಗುವಿನ ನಿರೀಕ್ಷೆ ಇತ್ತು. ತಲೆಯ ಪೆಟ್ಟು, ಮುಂದಿನ ಆರೋಗ್ಯ, ಮನೆಯ ಜನ ಇವನ್ನೇ ಕಾರಣವೆಂದು ತಿಳಿಸಿದ. ಹದಿನೈದು ವರ್ಷ, ಒಂದೇ ತಂಡ, 2,123 ಹಿಟ್‌ಗಳು, ಒಟ್ಟು ಸರಾಸರಿ 306. ಇದು ಮೂರನೆಯ ಬಿಡುಗೆ.

2019ರ ಜೂನ್ 15ರಂದು ತಂಡ ಅವನ 7ನೆಯ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಘೋಷಿಸಿತು. ಗ್ಯಾರೇಜಿನಲ್ಲಿ ಕೊಳವೆ ಜೋಡಿಸಿದ ತಂದೆ 2023ರಲ್ಲಿ ತೀರಿಕೊಂಡರು. ಮರುವರ್ಷ, 2024ರ ಜನವರಿಯಲ್ಲಿ, ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲಿನ ಕೀರ್ತಿಭವನಕ್ಕೆ ಜೋ ಮಾವರ್ ಆಯ್ಕೆಯಾದ. ಮತ ಹಾಕಿದವರು 385 ಜನ, ಬೇಕಾದದ್ದು ನೂರಕ್ಕೆ 75ರಷ್ಟು. ಅವನಿಗೆ ಬಂದದ್ದು 293. ಬೇಕಾದದ್ದಕ್ಕಿಂತ ನಾಲ್ಕೇ ಮತ ಹೆಚ್ಚು. ಬಹುಶಃ ಕ್ಯಾಚರನ ಜಾಗ ಬಿಟ್ಟ ಕೊನೆಯ ಐದು ವರ್ಷಗಳ ಸಾಧಾರಣ ಲೆಕ್ಕವೇ ಹಲವರ ಕೈ ತಡೆದಿರಬೇಕು. ಆದರೂ ಮೊದಲ ಸಲಕ್ಕೇ ಆಯ್ಕೆಯಾದ ಕ್ಯಾಚರ್‌ಗಳಲ್ಲಿ ಅವನು ಮೂರನೆಯವನು ಮಾತ್ರ.

ಪ್ರಯರನ ಮಾತೇನಾಯಿತೆಂದು ಓದುಗರು ಕೇಳಬಹುದು. 2003ರಲ್ಲಿ ಅವನು 18 ಪಂದ್ಯ ಗೆದ್ದು ಮೆರೆದ. ಆಮೇಲೆ ಹೆಗಲು ಕೈಕೊಟ್ಟಿತು. 2006ರಲ್ಲಿಯೇ, ಇನ್ನೂ ಇಪ್ಪತ್ತೈದರ ವಯಸ್ಸಿನಲ್ಲಿ, ಅವನ ಕೊನೆಯ ದೊಡ್ಡ ಪಂದ್ಯ ಮುಗಿಯಿತು. ಮರಳಿ ಬರಲು ವರ್ಷಗಟ್ಟಲೆ ಹೆಣಗಿದ, ಸಾಧ್ಯವಾಗಲಿಲ್ಲ. ಮುಂದೆ ಎಸೆಗಾರರಿಗೆ ಕಲಿಸುವ ಗುರುವಾಗಿ ಹೆಸರು ಮಾಡಿದ. ಅವನದು ಸೋಲೆಂದು ನಾವು ಹೇಳಲಾರೆವು. ಎರಡು ಪಟ್ಟು ಬೆಲೆಯ ಮಾಲು ಎರಡು ಪಟ್ಟು ಬಾಳುತ್ತದೆಂಬ ನಿಯಮವಿಲ್ಲ. ಪೇಟೆಯಲ್ಲಿ ಕುಳಿತ ನಮಗೆ ಇದು ಹೊಸ ಮಾತಲ್ಲ.

ಈಗ ಸೊಲ್ಲಾಪುರದ ಅಂಗಡಿಯ ಹುಡುಗನ ಪ್ರಶ್ನೆಗೆ ಬರೋಣ. ಬರುವುದನ್ನು ಏಕೆ ಬಿಡಬೇಕು?

ಮಗೂ, ಬಿಡಲೇಬೇಕಾದ ದಿನ ಬರುವವರೆಗೆ ಬಿಡಬೇಡ. ಜೋ ಹೈಸ್ಕೂಲ್ ಮುಗಿಯುವ ತನಕ ಎರಡನ್ನೂ, ಮೂರನ್ನೂ ಆಡಿದ. ಅದರಿಂದ ಅವನ ಕೈಕಾಲು, ಕಣ್ಣು ಬೆಳೆದವೇ ಹೊರತು ಕೆಡಲಿಲ್ಲ. ಆದರೆ ಎರಡರ ಆಯ್ಕೆಯೂ ಒಂದೇ ವಾರ ಬಂದಾಗ ನೀನೇ ಕುಳಿತು ಆರಿಸಬೇಕು. ಅಪ್ಪನಿಗಾಗಿ ಅಲ್ಲ, ಗೆಳೆಯರ ಚಪ್ಪಾಳೆಗಾಗಿಯೂ ಅಲ್ಲ. ಆರಿಸಿದ ಮೇಲೆ ಬಿಟ್ಟದ್ದರ ಕಡೆಗೆ ದಿನವೂ ತಿರುಗಿ ನೋಡಬೇಡ. ಮುಂದೆ ಹಿಡಿದದ್ದನ್ನೂ ಬಿಡಬೇಕಾಗಿ ಬಂದರೆ ಅದನ್ನು ಅವಮಾನವೆಂದು ತಿಳಿಯಬೇಡ. ವೈಂಕಿಯೂ ಒಂದನ್ನು ಬಿಟ್ಟೇ ಇನ್ನೊಂದರಲ್ಲಿ ಗೆದ್ದ.

ತಂದೆತಾಯಂದಿರಿಗೆ ಎರಡು ಮಾತು. ಮಗುವಿನ ಆಟಕ್ಕೆ ನಾವು ಹಾಕಿದ ಹಣವನ್ನೂ, ಊರವರ ಬಾಯಿಯನ್ನೂ ಲೆಕ್ಕಕ್ಕೆ ತಂದು, ಬಿಡಬೇಕಾದುದನ್ನು ಬಿಡದಂತೆ ಮಕ್ಕಳನ್ನು ಕಟ್ಟಿಹಾಕಬಾರದು. ಇನ್ನೊಂದು ಮಾತು ಇನ್ನೂ ಮುಖ್ಯ. ಕಬಡ್ಡಿಯಲ್ಲಾಗಲಿ ಕ್ರಿಕೆಟ್ಟಿನಲ್ಲಾಗಲಿ ಮಗುವಿನ ತಲೆಗೆ ಪೆಟ್ಟಾಗಿ ತಲೆನೋವು, ವಾಂತಿ, ತಲೆಸುತ್ತು, ಮಂಕು, ಮಾತಿನಲ್ಲಿ ಗೊಂದಲ ಯಾವುದೇ ಕಂಡರೂ ಆ ದಿನ ಮತ್ತೆ ಮೈದಾನಕ್ಕೆ ಇಳಿಸಬೇಡಿ. ಫೈನಲ್ ಇದ್ದರೂ ಇಳಿಸಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ, ಅವರು ಆಗಲಿ ಎನ್ನುವ ತನಕ ಆಟ ಬೇಡ. ಕಪ್ಪು ಮುಂದಿನ ವರ್ಷವೂ ಬರುತ್ತದೆ.

ನಾವು ಇದನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ ಅಂಗಡಿಯ ಸ್ನೇಹಿತರಿಂದ ಫೋನು ಬಂತು. ಹುಡುಗ ಕಬಡ್ಡಿಯ ಆಯ್ಕೆಗೆ ಹೋದನಂತೆ. ಕ್ರಿಕೆಟ್ ಬ್ಯಾಟನ್ನು ತಾನೇ ಒರೆಸಿ, ಚಿಕ್ಕಪ್ಪನ ಮಗನ ಕೈಗೆ ಕೊಟ್ಟುಬಿಟ್ಟನಂತೆ. "ಆಯ್ಕೆ ಆದನೇನು?" ಎಂದು ಕೇಳಿದೆವು.

"ಇನ್ನೂ ಪಟ್ಟಿ ಹಚ್ಚಿಲ್ಲರಿ ಅಣ್ಣಾವರ. ಆದ್ರ ಹುಡುಗ ರಾತ್ರಿ ಚಲೋ ನಿದ್ದಿ ಮಾಡ್ಯಾನ" ಎಂದರು.